ಗಾಮಾ ಹೀರಿಕೆಯ ಲೆಕ್ಕ ಹೊಂದುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕಿ

ಕಲ್ಲಿನ ಪುಡಿ, ಎಪಾಕ್ಸಿ ಹಾಳೆ, ಕಾಂಕ್ರೀಟ್ ತುಂಡು ಹಿಡಿದು ಅವು ಗಾಮಾ ಕಿರಣವನ್ನು ಎಷ್ಟು ತಡೆಯುತ್ತವೆ ಎಂದು ಅಳೆಯುವ ಪ್ರಾಜೆಕ್ಟುಗಳು ಎಂ.ಎಸ್ಸಿ. ಲ್ಯಾಬುಗಳಲ್ಲಿ ಸಾಮಾನ್ಯ. ಸಲಕರಣೆಯೂ ಹೆಚ್ಚುಕಮ್ಮಿ ಒಂದೇ: ಸೀಸಿಯಂ-137 ಸೋರ್ಸ್, ಒಂದಷ್ಟು ಸೀಸದ ಇಟ್ಟಿಗೆ, ಸೋಡಿಯಂ ಅಯೋಡೈಡ್ ಡಿಟೆಕ್ಟರ್, ಕಿರಣಗಳನ್ನು ಶಕ್ತಿಗೆ ತಕ್ಕಂತೆ ಚಾನೆಲ್ಲುಗಳಿಗೆ ವಿಂಗಡಿಸಿ ಎಣಿಸುವ ಮಲ್ಟಿಚಾನೆಲ್ ಅನಲೈಸರ್. ದೂರು ಕೂಡ ಒಂದೇ: ‘ಬಂದ ಗುಣಾಂಕ ಎಕ್ಸ್‌ಕಾಮ್ ಕೋಷ್ಟಕಕ್ಕೆ ಹೊಂದುತ್ತಿಲ್ಲ ಸಾರ್.’ (ಗುಣಾಂಕ ಎಂದರೆ ವಸ್ತು ಕಿರಣವನ್ನು ಎಷ್ಟು ತಡೆಯುತ್ತೆ ಎಂಬ ಅಂಕಿ. ಎಕ್ಸ್‌ಕಾಮ್ ಎಂದರೆ ಆ ಅಂಕಿಯ ಲೆಕ್ಕದ ಬೆಲೆ ಕೊಡುವ ಡೇಟಾಬೇಸ್.) ಆಗ ಎಲ್ಲರ ಅನುಮಾನ ಡಿಟೆಕ್ಟರ್ ಮೇಲೆ. ಅದು ಪಾಪ, ಹೆಚ್ಚಿನ ಸಲ ನಿರಪರಾಧಿ. ತಪ್ಪು ಇರುವುದು ತಕ್ಕಡಿ, ಕ್ಯಾಲಿಪರ್ ಮತ್ತು ಸ್ಯಾಂಪಲ್ ಡಬ್ಬಿಯ ಹತ್ತಿರ.

ಲೆಕ್ಕ ಗೊತ್ತಿರುವುದೇ. ಸ್ಯಾಂಪಲ್ ಇಲ್ಲದಾಗಿನ ಕೌಂಟನ್ನು (ಡಿಟೆಕ್ಟರ್ ಎಣಿಸಿದ ಕಿರಣಗಳ ಸಂಖ್ಯೆ) ಸ್ಯಾಂಪಲ್ ಇದ್ದಾಗಿನ ಕೌಂಟಿನಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆಯಬೇಕು. ಇದನ್ನು ಇಲ್ಲಿ ‘ಲಾಗ್ ಬೆಲೆ’ ಎನ್ನೋಣ. ಅದನ್ನು ದಪ್ಪದಿಂದ ಭಾಗಿಸಿದರೆ ರೇಖೀಯ ಗುಣಾಂಕ. ಅದನ್ನು ಮತ್ತೆ ಸಾಂದ್ರತೆಯಿಂದ ಭಾಗಿಸಿದರೆ ಮಾಸ್ ಗುಣಾಂಕ.

ಯಾವ ಲಕ್ಷಣ ಕಂಡರೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಖನಿಜವನ್ನು ಪಕ್ಕಕ್ಕಿಟ್ಟು, ಅದೇ ಜಾಗದಲ್ಲಿ ಶುದ್ಧ ಅಲ್ಯೂಮಿನಿಯಂ ಅಥವಾ ಸೀಸದ ಹಾಳೆ ಇಟ್ಟು ಅಳೆಯಿರಿ. ಸೀಸಿಯಂ-137ರ 662 ಕೆಇವಿ (ಕಿಲೋ ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಅಳತೆ) ಗಾಮಾಗೆ ಅಲ್ಯೂಮಿನಿಯಂನ ಮಾಸ್ ಗುಣಾಂಕ ಸುಮಾರು 0.075 ಚ.ಸೆಂ.ಮೀ./ಗ್ರಾಂ, ಸೀಸದ್ದು ಸುಮಾರು 0.11. ಸೀಸದಲ್ಲಿ ಕೌಂಟ್ ಅರ್ಧಕ್ಕಿಳಿಯಲು ಐದೂವರೆ ಮಿ.ಮೀ. ದಪ್ಪ ಸಾಕು, ಅಲ್ಯೂಮಿನಿಯಂನಲ್ಲಿ ಸುಮಾರು ಮೂರೂವರೆ ಸೆಂ.ಮೀ. ಬೇಕು. ಈ ಅಂಕಿಗಳು ಸರಿಯಾಗಿ ಬಂದರೆ ಸಲಕರಣೆ ಸರಿಯಿದೆ, ದೋಷ ಸ್ಯಾಂಪಲ್‌ನಲ್ಲಿದೆ. ಇವೇ ತಪ್ಪಿದರೆ ಸ್ಯಾಂಪಲ್ ಬದಲಿಸಿ ಪ್ರಯೋಜನವಿಲ್ಲ. ಈ ಒಂದು ಪರೀಕ್ಷೆ ಅರ್ಧ ಹುಡುಕಾಟ ಉಳಿಸುತ್ತೆ.

ಶುರು ಮಾಡುವ ಮುನ್ನ ಎಚ್ಚರಿಕೆ

ಸೋರ್ಸ್ ಡಿಸ್ಕನ್ನು ಬೆರಳಲ್ಲಿ ಹಿಡಿಯಬೇಡಿ, ಇಕ್ಕಳ ಬಳಸಿ. ಕೆಲಸ ಇಲ್ಲದಾಗ ಅದು ಸೀಸದ ಡಬ್ಬಿಯಲ್ಲಿರಲಿ. ಲ್ಯಾಬಿನಲ್ಲಿ ತಿಂಡಿ, ಕಾಫಿ ಬೇಡ. ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯುವ ಬಿಲ್ಲೆ) ಕೊಟ್ಟಿದ್ದರೆ ಎದೆ ಮೇಲೆ ಹಾಕಿಕೊಳ್ಳಿ, ಬ್ಯಾಗಿನಲ್ಲಿಟ್ಟರೆ ಅದು ಬ್ಯಾಗಿನ ಡೋಸ್ ಹೇಳುತ್ತೆ ಅಷ್ಟೇ. ಸೀಸದ ಇಟ್ಟಿಗೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಲ್ಲು ಕುಟ್ಟಿ ಪುಡಿ ಮಾಡುವಾಗ ಜನ ಮರೆಯುವ ಅಪಾಯ ಇನ್ನೊಂದಿದೆ. ಗ್ರಾನೈಟ್, ಕ್ವಾರ್ಟ್ಸ್ ಪುಡಿಯ ಸಣ್ಣ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರಬಹುದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು. ಕೆಲವು ಮೈಕ್ರೋಕ್ಯೂರಿಯ ಡಿಸ್ಕ್ ಸೋರ್ಸಿಗೆ ಹೆದರುವವರು ಈ ದೂಳಿಗೆ ಹೆದರುವುದಿಲ್ಲ, ವಿಚಿತ್ರ. ಅಂದಹಾಗೆ, ಈ ಗಾಮಾ ಬಿದ್ದ ಮಾತ್ರಕ್ಕೆ ನಿಮ್ಮ ಸ್ಯಾಂಪಲ್ ವಿಕಿರಣಶೀಲ ಆಗುವುದಿಲ್ಲ.

‘ಕೌಂಟೇ ಬರ್ತಿಲ್ಲ’

ಸೋರ್ಸ್ ಜಾಗದಲ್ಲಿದೆಯೇ, ಕೊಲಿಮೇಟರ್ (ಕಿರಣವನ್ನು ಕಿರಿದಾಗಿ ನೇರ ಬಿಡುವ ಸೀಸದ ತಡೆ) ತೂತಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಹೈ ವೋಲ್ಟೇಜ್ ಆನ್ ಆಗಿದೆಯೇ, ಕೇಬಲ್ ಸರಿಯಾಗಿ ಕೂತಿದೆಯೇ ನೋಡಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತೆ.

ಕೇಬಲ್ ಬಿಚ್ಚಿ ಹಾಕುವುದಾದರೆ ವೋಲ್ಟೇಜನ್ನು ನಿಧಾನಕ್ಕೆ ಸೊನ್ನೆಗೆ ಇಳಿಸಿ, ಸ್ವಿಚ್ ಆಫ್ ಮಾಡಿ, ಕೆಲವು ನಿಮಿಷ ಬಿಡಿ. ಫೋಟೋಮಲ್ಟಿಪ್ಲೈಯರ್‌ಗೆ (ಹರಳಿನ ಬೆಳಕನ್ನು ವಿದ್ಯುತ್ ಪಲ್ಸ್ ಮಾಡುವ ಟ್ಯೂಬ್) ಹೋಗುವುದು ನೂರಾರು ವೋಲ್ಟ್, ಕೇಬಲ್ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತೆ. ವೋಲ್ಟೇಜ್ ಇರುವಾಗ ಡಿಟೆಕ್ಟರಿನ ಮುಚ್ಚಳ ತೆಗೆಯಲೇಬೇಡಿ. ಟ್ಯೂಬಿಗೆ ಹೊರಗಿನ ಬೆಳಕು ಬಿದ್ದರೆ ಅದು ಹಾಳಾಗುತ್ತೆ. ಹೈ ವೋಲ್ಟೇಜ್ ಸಪ್ಲೈಯಲ್ಲೇ ದೋಷ ಎಂದು ಅನಿಸಿದರೆ ನೀವು ಬಿಚ್ಚಬೇಡಿ, ಎಲೆಕ್ಟ್ರಾನಿಕ್ಸ್ ಗೊತ್ತಿರುವವರಿಗೆ ಬಿಡಿ.

‘ಪೀಕ್ ಜಾಗ ಬಿಟ್ಟು ಸರಿಯುತ್ತೆ’

ಬೆಳಗ್ಗೆ ಒಂದು ಚಾನೆಲ್ಲಿನಲ್ಲಿದ್ದ 662ರ ಪೀಕ್ (ಆ ಶಕ್ತಿಯ ಕೌಂಟುಗಳ ಗುಡ್ಡ) ಮಧ್ಯಾಹ್ನ ಬೇರೆ ಕಡೆ ಕೂತಿದ್ದರೆ, ನೀವು ಬೆಳಗ್ಗೆ ಹಾಕಿದ ವಿಂಡೋ (ಎಣಿಸಲು ಆರಿಸಿದ ಚಾನೆಲ್ಲುಗಳ ವ್ಯಾಪ್ತಿ) ಈಗ ಪೀಕಿನ ಒಂದು ಭಾಗವನ್ನಷ್ಟೇ ಎಣಿಸುತ್ತಿದೆ. ಗುಣಾಂಕ ಹೇಗೆ ಬೇಕಾದರೂ ತಪ್ಪಬಹುದು.

ಖರ್ಚಿಲ್ಲದ ಮದ್ದು ಮೊದಲು: ವೋಲ್ಟೇಜ್ ಕೊಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ ಸುಮ್ನೆ ಬಿಡಿ. ಅದಕ್ಕೂ ನಿಲ್ಲದಿದ್ದರೆ ರೂಮಿನ ಉಷ್ಣತೆ ನೋಡಿ. ಸೋಡಿಯಂ ಅಯೋಡೈಡ್ ಹೊಮ್ಮಿಸುವ ಬೆಳಕು ಬಿಸಿಗೆ ತಕ್ಕಂತೆ ಬದಲಾಗುತ್ತೆ. ಎ.ಸಿ. ಗಾಳಿ ನೇರ ಡಿಟೆಕ್ಟರಿಗೆ ಬೀಸುವ ಜಾಗ ಒಳ್ಳೆಯದಲ್ಲ. ಮೂರನೆಯದು ಕರೆಂಟ್. ಫೋಟೋಮಲ್ಟಿಪ್ಲೈಯರಿನಲ್ಲಿ ವೋಲ್ಟೇಜ್ ಶೇ. 1 ಏರುಪೇರಾದರೆ ಗೇನ್ (ಪಲ್ಸ್ ಹಿಗ್ಗಿಸುವ ಪ್ರಮಾಣ) ಶೇ. 7ರ ಆಸುಪಾಸು ಬದಲಾಗಬಹುದು. ಯುಪಿಎಸ್ ಮೂಲಕ ಕೊಡಿ.

ಪೀಕ್ ಸರಿಯುವ ಬದಲು ಅಗಲವಾಗುತ್ತಾ ಹೋಗಿದ್ದರೆ ಅದು ಬೇರೆ ಕಾಯಿಲೆ. ಒಳ್ಳೆಯ ಡಿಟೆಕ್ಟರಿನಲ್ಲಿ 662ರ ರೆಸಲ್ಯೂಷನ್ (ಪೀಕಿನ ಅಗಲ ಅದರ ಶಕ್ತಿಯ ಶೇಕಡಾ ಎಷ್ಟು ಎಂಬುದು) ಶೇ. 7ರ ಸುತ್ತ ಇರುತ್ತೆ. ಅದು ಶೇ. 10 ದಾಟಿ ಹಾಳಾಗುತ್ತಲೇ ಇದ್ದರೆ ಹರಳಿನ ಸೀಲ್ ಒಡೆದು ತೇವ ಒಳಗೆ ಹೋಗಿರಬಹುದು. ಸೋಡಿಯಂ ಅಯೋಡೈಡ್ ತೇವ ಹೀರಿ ಹಳದಿಗೆ ತಿರುಗುತ್ತೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದರ ಮೇಲೆ ಒಂದು ಕಣ್ಣಿಡಿ. ಲ್ಯಾಬಿನಲ್ಲಿ ಇದಕ್ಕೆ ರಿಪೇರಿ ಇಲ್ಲ, ತಯಾರಕರಿಗೇ ಕಳಿಸಬೇಕು.

‘ಗುಣಾಂಕ ಯಾವಾಗಲೂ ಕೋಷ್ಟಕಕ್ಕಿಂತ ಕಡಿಮೆ’

ಅತಿ ಹೆಚ್ಚು ಕೇಳಿಬರುವ ದೂರು ಇದು. ಕಾರಣಗಳೂ ಹಲವು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಮೊದಲು ಒಂದು ಗ್ರಾಫ್ ಹಾಕಿ. ಒಂದೇ ದಪ್ಪಕ್ಕೆ ಅಳೆದು ಗುಣಾಂಕ ತೆಗೆಯುವ ಅಭ್ಯಾಸ ಬಿಡಿ, ಐದಾರು ದಪ್ಪಕ್ಕೆ ಲಾಗ್ ಬೆಲೆ ಗುರುತಿಸಿ. ಗೆರೆಯ ಆಕಾರವೇ ಅರ್ಧ ಉತ್ತರ ಹೇಳುತ್ತೆ. ಶುರುವಿನಲ್ಲಿ ನೇರ ಇದ್ದು ದಪ್ಪ ಹೆಚ್ಚಿದಂತೆ ಬಾಗಿ ಮಲಗಿದರೆ ಬ್ಯಾಕ್‌ಗ್ರೌಂಡ್ (ಸೋರ್ಸ್ ಇಲ್ಲದೆಯೂ ಬರುವ ಕೌಂಟ್) ಅಥವಾ ಸೋರಿಕೆ (ಸ್ಯಾಂಪಲ್ ದಾಟದೆ ನುಸುಳಿ ಬರುವ ಕಿರಣ). ಪೂರ್ತಿ ನೇರ ಇದ್ದೂ ಇಳಿಜಾರು ಕಡಿಮೆ ಇದ್ದರೆ ಚದುರಿದ ಕಿರಣ, ಇಲ್ಲವೇ ದಪ್ಪ-ಸಾಂದ್ರತೆಯ ತಪ್ಪು. ಗೆರೆ ಸೊನ್ನೆಯಿಂದ ಶುರುವಾಗದೆ ಕೆಳಗಿನಿಂದ ಹೊರಟರೆ ಸ್ಯಾಂಪಲ್ ಇಲ್ಲದ ಮೊದಲ ಕೌಂಟಿನಲ್ಲೇ ನಷ್ಟ ಆಗಿದೆ.

ಬ್ಯಾಕ್‌ಗ್ರೌಂಡ್ ಕಳೆದಿದ್ದೀರಾ? ಕಳೆಯದಿದ್ದರೆ ಏನಾಗುತ್ತೆ ನೋಡಿ. ನಿಜವಾದ ಮೊದಲ ಕೌಂಟ್ 5,000, ಬ್ಯಾಕ್‌ಗ್ರೌಂಡ್ 100, ಸ್ಯಾಂಪಲ್ ದಾಟಿ ಬರುವ ನಿಜವಾದ ಕೌಂಟೂ 100 ಅಂದುಕೊಳ್ಳಿ. ಸರಿಯಾದ ಲಾಗ್ ಬೆಲೆ 3.91. ನೀವು ಓದುವುದು 5,100 ಮತ್ತು 200. ಅದರ ಲಾಗ್ 3.24. ಶೇ. 17ರಷ್ಟು ಗುಣಾಂಕ ಅಲ್ಲೇ ಹೋಯಿತು. ಬ್ಯಾಕ್‌ಗ್ರೌಂಡ್ ತೆಗೆಯುವಾಗ ಸೋರ್ಸನ್ನು ದೂರ ಒಯ್ದಿರಬೇಕು, ವಿಂಡೋ ಮತ್ತು ಸಮಯ ಅಳತೆಯದ್ದೇ ಇರಬೇಕು.

ಸೋರಿಕೆ ಹುಡುಕಲು ಸುಲಭ ಉಪಾಯವಿದೆ. ಸ್ಯಾಂಪಲ್ ಜಾಗದಲ್ಲಿ 10 ಸೆಂ.ಮೀ. ದಪ್ಪ ಸೀಸ ಇಡಿ. 662 ಕೆಇವಿಯ ನೇರ ಕಿರಣ ಅದರಲ್ಲಿ ಲಕ್ಷಕ್ಕೆ ಒಂದೂ ದಾಟುವುದಿಲ್ಲ. ಕೌಂಟ್ ಬ್ಯಾಕ್‌ಗ್ರೌಂಡಿಗೆ ಇಳಿಯಲೇಬೇಕು. ಇಳಿಯದಿದ್ದರೆ ಇಟ್ಟಿಗೆ ಸಂದಿನಿಂದ ಸೋರ್ಸ್ ಡಿಟೆಕ್ಟರನ್ನು ಇಣುಕಿ ನೋಡುತ್ತಿದೆ ಎಂದರ್ಥ. ಸಂದುಗಳು ಒಂದೇ ಸಾಲಿಗೆ ಬಾರದ ಹಾಗೆ ಇಟ್ಟಿಗೆ ಮರುಜೋಡಿಸಿ.

ಇನ್ನು ಚದುರಿದ ಕಿರಣ. ಸ್ಯಾಂಪಲ್‌ನಲ್ಲಿ ಸ್ವಲ್ಪ ದಿಕ್ಕು ತಪ್ಪಿದ ಫೋಟಾನ್ ಡಿಟೆಕ್ಟರಿಗೆ ಬಂದು ಬಿದ್ದರೆ, ಅದು ತಡೆಯೇ ಆಗಿಲ್ಲ ಎಂದು ಲೆಕ್ಕಕ್ಕೆ ಬರುತ್ತೆ. ‘ಪೀಕ್ ಮಾತ್ರ ಎಣಿಸ್ತೀನಲ್ಲ, ಚದುರಿದ್ದು ಹೊರಗೆ ಹೋಗುತ್ತೆ’ ಎನ್ನುತ್ತಾರೆ. ಪೂರ್ತಿ ಹೋಗುವುದಿಲ್ಲ. 662 ಕೆಇವಿ ಫೋಟಾನ್ 10 ಡಿಗ್ರಿ ತಿರುಗಿದರೆ ಅದರ ಶಕ್ತಿ ಇಳಿಯುವುದು 649ಕ್ಕೆ. ಬರೀ 13 ಕೆಇವಿ ವ್ಯತ್ಯಾಸ. ನಿಮ್ಮ ಪೀಕಿನ ಅಗಲವೇ 46 ಕೆಇವಿ. ಡಿಟೆಕ್ಟರಿಗೆ ಇವೆರಡೂ ಒಂದೇ. 20 ಡಿಗ್ರಿ ತಿರುಗಿದರೆ 614ಕ್ಕೆ ಬರುತ್ತೆ, ಆಗ ಮಾತ್ರ ಬಿಗಿಯಾದ ವಿಂಡೋ ಅದನ್ನು ಬಹುಪಾಲು ಹೊರಗಿಡುತ್ತೆ. ಅಂದರೆ ಸಣ್ಣ ಕೋನದ ಚದುರುವಿಕೆ ತಡೆಯುವ ಕೆಲಸ ವಿಂಡೋದ್ದಲ್ಲ, ಕೊಲಿಮೇಟರಿನದ್ದು.

ಪರೀಕ್ಷೆ ಸುಲಭ. ಸ್ಯಾಂಪಲ್ ಮತ್ತು ಡಿಟೆಕ್ಟರ್ ನಡುವಿನ ದೂರ ಹೆಚ್ಚಿಸಿ ಮತ್ತೆ ಅಳೆಯಿರಿ. ಸ್ಯಾಂಪಲ್ ಇಲ್ಲದ ಕೌಂಟನ್ನೂ ಅದೇ ದೂರದಲ್ಲಿ ಹೊಸದಾಗಿ ತೆಗೆಯಿರಿ. ಗುಣಾಂಕ ಏರಿದರೆ ಕಳ್ಳ ಸಿಕ್ಕಿದ. ಎರಡೂ ಕಡೆ ಸಣ್ಣ ತೂತಿನ ಕೊಲಿಮೇಟರ್ ಹಾಕಿ, ಸ್ಯಾಂಪಲನ್ನು ಡಿಟೆಕ್ಟರಿಗೆ ಅಂಟಿಸಿದ ಹಾಗೆ ಇಡಬೇಡಿ. ಕೌಂಟ್ ಕಡಿಮೆಯಾಗುತ್ತೆ, ಸಮಯ ಜಾಸ್ತಿ ಹಿಡಿಯುತ್ತೆ. ಅದನ್ನು ಸಹಿಸಿಕೊಳ್ಳಬೇಕು.

ಕೊನೆಗೆ ಡೆಡ್ ಟೈಮ್. ಸೋರ್ಸ್ ಜೋರಾಗಿದ್ದರೆ ಒಂದು ಪಲ್ಸ್ ನುಂಗುವಷ್ಟರಲ್ಲಿ ಇನ್ನೊಂದು ಬಂದು ಕಳೆದುಹೋಗುತ್ತೆ. ಸ್ಯಾಂಪಲ್ ಇಲ್ಲದಾಗ ನಷ್ಟ ಜಾಸ್ತಿ, ಇದ್ದಾಗ ಕಡಿಮೆ. ಹಾಗಾಗಿ ಅನುಪಾತ ಕುಗ್ಗುತ್ತೆ. ಡೆಡ್ ಟೈಮ್ 5 ಮೈಕ್ರೋಸೆಕೆಂಡ್, ಸೆಕೆಂಡಿಗೆ ನಿಜವಾಗಿ 10,000 ಪಲ್ಸ್ ಬರುತ್ತಿದ್ದರೆ, 0.200 ಬರಬೇಕಾದ ಲಾಗ್ ಬೆಲೆ 0.191 ಬರುತ್ತೆ. ಅನಲೈಸರಿನಲ್ಲಿ ‘ರಿಯಲ್ ಟೈಮ್’ ಬದಲು ‘ಲೈವ್ ಟೈಮ್’ (ಡೆಡ್ ಟೈಮ್ ಕಳೆದ ಸಮಯ) ಆರಿಸಿ, ಸಾಲದಿದ್ದರೆ ಸೋರ್ಸನ್ನು ಹಿಂದಕ್ಕೆ ಸರಿಸಿ.

‘ಅಲ್ಯೂಮಿನಿಯಂ ಸರಿ ಬರುತ್ತೆ, ಪುಡಿ ಮಾತ್ರ ತಪ್ಪು’

ಇದು ಸಂತೋಷದ ಸುದ್ದಿ. ಸಲಕರಣೆಯ ಕಡೆ ಇನ್ನು ತಿರುಗಿ ನೋಡಬೇಕಿಲ್ಲ.

ಪುಡಿಯ ಸಾಂದ್ರತೆಗೆ ಪುಸ್ತಕದ ಅಂಕಿ ಹಾಕಿದ್ದೀರಾ? ಬೇರೈಟ್ ಖನಿಜದ ಸಾಂದ್ರತೆ 4.5ರ ಹತ್ತಿರ, ಹೆಮಟೈಟ್‌ದು 5ಕ್ಕಿಂತ ಮೇಲೆ. ಅದು ಗಟ್ಟಿ ಹರಳಿನದ್ದು. ಡಬ್ಬಿಯಲ್ಲಿರುವ ಪುಡಿಯಲ್ಲಿ ಕಾಳುಗಳ ನಡುವೆ ಗಾಳಿಯಿದೆ. ಸೇರಿಗೆ ಅಕ್ಕಿ ತುಂಬಿ ಕುಟ್ಟಿದರೆ ಇನ್ನೊಂದು ಹಿಡಿ ಹಿಡಿಯುತ್ತಲ್ಲ, ಹಾಗೆ ಪುಡಿಯ ಸಾಂದ್ರತೆ ನೀವು ಎಷ್ಟು ಒತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ.

ನನ್ನ ಸಲಹೆ: ಸಾಂದ್ರತೆಯ ಗೊಡವೆಯೇ ಬೇಡ. ಪುಡಿಯನ್ನು ತೂಗಿ, ಡಬ್ಬಿಯ ಒಳಗಿನ ವಿಸ್ತೀರ್ಣದಿಂದ ಭಾಗಿಸಿ. ಚ.ಸೆಂ.ಮೀ.ಗೆ ಇಷ್ಟು ಗ್ರಾಂ ಎಂದು ಬರುತ್ತೆ. ಲಾಗ್ ಬೆಲೆಯನ್ನು ಅದರಿಂದ ಭಾಗಿಸಿದರೆ ಮಾಸ್ ಗುಣಾಂಕ ನೇರವಾಗಿ ಸಿಗುತ್ತೆ. ದಪ್ಪವೂ ಬೇಡ, ಸಾಂದ್ರತೆಯೂ ಬೇಡ. ಪುಡಿಯ ಮೇಲ್ಮೈ ಮಾತ್ರ ಸಮತಟ್ಟಾಗಿರಬೇಕು.

ಆದರೆ ಡಬ್ಬಿಯ ಒಳವ್ಯಾಸವನ್ನು ಕ್ಯಾಲಿಪರಿನಲ್ಲೇ ಅಳೆಯಿರಿ, ಸ್ಕೇಲ್ ಇಟ್ಟು ಅಂದಾಜು ಮಾಡಬೇಡಿ. 25 ಮಿ.ಮೀ. ವ್ಯಾಸದಲ್ಲಿ ಅರ್ಧ ಮಿ.ಮೀ. ತಪ್ಪಿದರೆ ವಿಸ್ತೀರ್ಣ ಶೇ. 4 ತಪ್ಪುತ್ತೆ, ಗುಣಾಂಕವೂ ಅಷ್ಟೇ ತಪ್ಪುತ್ತೆ. ಪ್ಲಾಸ್ಟಿಕ್ ಡಬ್ಬಿಗಳು ಕೆಳಗೆ ಕಿರಿದು, ಮೇಲೆ ಅಗಲ ಇರುವುದೂ ಉಂಟು. ಎರಡು ಮೂರು ಎತ್ತರದಲ್ಲಿ ಅಳೆದು ನೋಡಿ.

ಗುಣಾಂಕ ಕೋಷ್ಟಕಕ್ಕಿಂತ ಹೆಚ್ಚು ಬಂದರೆ ಡಬ್ಬಿಯನ್ನೇ ಮರೆತಿರಬಹುದು. ಮೊದಲ ಕೌಂಟ್ ತೆಗೆಯುವಾಗ ಖಾಲಿ ಡಬ್ಬಿ ಅಲ್ಲೇ ಇರಬೇಕು. ಇಲ್ಲದಿದ್ದರೆ ಡಬ್ಬಿಯ ತಳ, ಮುಚ್ಚಳ ತಡೆದದ್ದೂ ಖನಿಜದ ಖಾತೆಗೆ ಬೀಳುತ್ತೆ. ಹಳೆಯ ಮೊದಲ ಕೌಂಟನ್ನು ಮತ್ತೆ ಬಳಸುವುದೂ ಹೀಗೇ ಕೈಕೊಡುತ್ತೆ. ಸೀಸಿಯಂನ ಅರ್ಧಾಯುಷ್ಯ 30 ವರ್ಷ, ಅಲ್ಲಿ ತೊಂದರೆ ಕಾಣುವುದಿಲ್ಲ. ಕೋಬಾಲ್ಟ್-57 ಆದರೆ 272 ದಿನ. ಹೋದ ತಿಂಗಳ ಕೌಂಟ್ ಇಟ್ಟುಕೊಂಡರೆ ಸೋರ್ಸ್ ತಾನಾಗಿ ಕಳೆದುಕೊಂಡ ಶೇ. 7ನ್ನು ಪಾಪದ ಕಲ್ಲಿನ ತಲೆಗೆ ಕಟ್ಟುತ್ತೀರಿ.

‘ಪ್ರತಿ ಸಲ ಬೇರೆ ಬೇರೆ ಬೆಲೆ’

ಎಷ್ಟು ಕೌಂಟ್ ಸೇರಿಸಿದ್ದೀರಿ? 10,000 ಕೌಂಟಿಗೆ ಏರುಪೇರು ಅದರ ವರ್ಗಮೂಲ, ಅಂದರೆ 100. ಶೇ. 1 ಅಷ್ಟೇ ಅಲ್ವಾ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಸ್ಯಾಂಪಲ್ ತೆಳುವಾಗಿದ್ದು ಲಾಗ್ ಬೆಲೆ ಬರೀ 0.1 ಇದ್ದರೆ, ಅದೇ ಏರುಪೇರು ಗುಣಾಂಕದಲ್ಲಿ ಶೇ. 14ಕ್ಕೂ ಹೆಚ್ಚಾಗಿ ಕೂರುತ್ತೆ. ಒಂದು ಸೆಂ.ಮೀ. ಕಾಂಕ್ರೀಟ್ ಚೂರಿಗೆ 662ರಲ್ಲಿ ಲಾಗ್ ಬೆಲೆ 0.18ರ ಹತ್ತಿರವಷ್ಟೇ. ಕೌಂಟ್ ಕನಿಷ್ಠ ಅರ್ಧಕ್ಕಾದರೂ ಇಳಿಯುವಷ್ಟು ದಪ್ಪ ಇರಲಿ. ಅಷ್ಟು ಪುಡಿ ಇಲ್ಲ ಎಂದರೆ ಶಕ್ತಿ ಕಡಿಮೆ ಇರುವ ಬೇರಿಯಂ-133ರ 356 ಕೆಇವಿ ಬಳಸಿ, ಅಥವಾ ರಾತ್ರಿಯಿಡೀ ಕೌಂಟ್ ಮಾಡಿ.

ಕೌಂಟ್ ಸಾಕಷ್ಟಿದ್ದೂ ಬೆಲೆ ಕುಣಿಯುತ್ತಿದ್ದರೆ ಸ್ಯಾಂಪಲ್ ಸಮನಾಗಿಲ್ಲ. ಎಪಾಕ್ಸಿಯಲ್ಲಿ ಟಂಗ್‌ಸ್ಟನ್ ಅಥವಾ ಬೇರೈಟ್ ಪುಡಿ ಕಲಸಿ ಅಚ್ಚಿಗೆ ಹೊಯ್ದಾಗ ಗಟ್ಟಿಯಾಗುವ ಮುನ್ನವೇ ಭಾರದ ಪುಡಿ ತಳ ಸೇರುತ್ತೆ. ಕಿರಣ ಹಾಳೆಯನ್ನು ದಪ್ಪದ ಗುಂಟ ಹಾದುಹೋದರೆ ಇದು ಗೊತ್ತೇ ಆಗುವುದಿಲ್ಲ. ತುಂಡನ್ನು ಅಡ್ಡ ಕತ್ತರಿಸಿ ಮೇಲ್ಭಾಗ, ತಳಭಾಗ ಬೇರೆ ಬೇರೆ ಅಳೆಯಿರಿ. ಒಳಗೆ ಗಾಳಿಗುಳ್ಳೆ ಇದೆಯೇ ನೋಡಲು ಹಾಳೆಯ ಒಂದು ಎಕ್ಸ್-ರೇ ಚಿತ್ರ ಸಾಕು.

‘662ರಲ್ಲಿ ಸರಿ, 60ರಲ್ಲಿ ಪೂರ್ತಿ ತಪ್ಪು’

ಅಮೆರಿಷಿಯಂ-241ರ 59.5 ಕೆಇವಿಯಲ್ಲಿ ಮಾತ್ರ ಲೆಕ್ಕ ತಪ್ಪಿದರೆ ಅಳತೆಯನ್ನಲ್ಲ, ಸ್ಯಾಂಪಲ್‌ನ ರಾಸಾಯನಿಕ ವಿಶ್ಲೇಷಣೆಯನ್ನು ಅನುಮಾನಿಸಿ. 662ರಲ್ಲಿ ಕಾಂಪ್ಟನ್ ಚದುರುವಿಕೆಯದ್ದೇ (ಫೋಟಾನ್ ಎಲೆಕ್ಟ್ರಾನಿಗೆ ಬಡಿದು ದಿಕ್ಕು ತಪ್ಪುವುದು) ಕಾರುಬಾರು. ಅಲ್ಲಿ ಕ್ವಾರ್ಟ್ಸ್, ಬೇರೈಟ್, ಕಬ್ಬಿಣ ಎಲ್ಲ ಗ್ರಾಂ ಲೆಕ್ಕದಲ್ಲಿ ಹೆಚ್ಚುಕಮ್ಮಿ ಸಮಾನ. 60ರಲ್ಲಿ ಫೋಟೋಎಲೆಕ್ಟ್ರಿಕ್ ಹೀರಿಕೆ (ಪರಮಾಣು ಫೋಟಾನನ್ನು ಪೂರ್ತಿ ನುಂಗುವುದು) ಮುಂದೆ ಬರುತ್ತೆ, ಅದು ಪರಮಾಣು ಸಂಖ್ಯೆ ಏರಿದಂತೆ ಭಾರೀ ವೇಗದಲ್ಲಿ ಏರುತ್ತೆ.

ಕ್ವಾರ್ಟ್ಸ್‌ನ ಗುಣಾಂಕ ಅಲ್ಲಿ ಸುಮಾರು 0.25, ಬೇರೈಟ್‌ದು ಸುಮಾರು 5. ಕ್ವಾರ್ಟ್ಸ್ ಪುಡಿಯಲ್ಲಿ ಶೇ. 1 ಬೇರೈಟ್ ಬೆರೆತಿದ್ದರೆ ಗುಣಾಂಕ 0.30ಕ್ಕೆ ಹಾರುತ್ತೆ. ಶೇ. 20 ವ್ಯತ್ಯಾಸ! 662ರಲ್ಲಿ ಅದರ ಸುಳಿವೂ ಸಿಗುವುದಿಲ್ಲ. ಹಾಗಾಗಿ ಎಕ್ಸ್‌ಕಾಮ್‌ಗೆ ಖನಿಜದ ಪುಸ್ತಕದ ಸೂತ್ರ ಕೊಡಬೇಡಿ. ಎಕ್ಸ್‌ಆರ್‌ಎಫ್ (ಎಕ್ಸ್-ರೇ ಬಳಸಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಪರೀಕ್ಷೆ) ಮಾಡಿಸಿ ಬಂದ ಸಂಯೋಜನೆ ಕೊಡಿ. ಅರೆದ ಕಲ್ಲಿಗೆ ಕಲಬೆರಕೆ ಸೇರುವುದು ಹಿಂದಿನವರು ತೊಳೆಯದೆ ಬಿಟ್ಟ ಅರೆಯುವ ಬಟ್ಟಲಿನಿಂದಲೂ ಆಗಬಹುದು.

75 ಕೆಇವಿ ಹತ್ತಿರ ಕರೆಯದ ಅತಿಥಿಯಂತೆ ಒಂದು ಪೀಕ್ ಕಂಡರೆ ಅದು ನಿಮ್ಮದೇ ಸೀಸದ ಇಟ್ಟಿಗೆ ಹೊಮ್ಮಿಸುವ ಎಕ್ಸ್-ರೇ. ಬೇರಿಯಂ-133ರ 81 ಕೆಇವಿ ಅಳೆಯುವಾಗ ಇದು ಪೀಕಿನೊಳಗೇ ಬೆರೆಯುತ್ತೆ. ಸೀಸದ ಒಳಮೈಗೆ ತವರ, ಅದರ ಮೇಲೆ ತಾಮ್ರದ ತೆಳು ಹಾಳೆ ಹೊದಿಸಿದರೆ ತಗ್ಗುತ್ತೆ. 32 ಕೆಇವಿ ಪೀಕ್ ಸೀಸಿಯಂ ಸೋರ್ಸಿನದ್ದೇ, 184ರ ಸುತ್ತಲಿನ ಉಬ್ಬು ಹಿಂದಕ್ಕೆ ಚದುರಿ ಬಂದದ್ದು. ಇವೆರಡೂ ದೋಷವಲ್ಲ. 1461ರಲ್ಲಿ ಪೀಕ್ ಇದ್ದರೆ ಅದು ಪೊಟ್ಯಾಸಿಯಂ-40. ಗೋಡೆಯಲ್ಲೂ ಇರುತ್ತೆ, ನಿಮ್ಮ ಗ್ರಾನೈಟ್‌ನಲ್ಲೂ ಇರುತ್ತೆ. ದೊಡ್ಡ ಗ್ರಾನೈಟ್ ಚಪ್ಪಡಿ ಅಳೆಯುವಾಗ ಬ್ಯಾಕ್‌ಗ್ರೌಂಡನ್ನು ಚಪ್ಪಡಿ ಇಟ್ಟೇ ಒಮ್ಮೆ ತೆಗೆಯಿರಿ.

‘ಎಕ್ಸ್-ರೇ ಟ್ಯೂಬಿನಲ್ಲಿ ದಪ್ಪ ಹೆಚ್ಚಿದಂತೆ ಗುಣಾಂಕ ಇಳಿಯುತ್ತೆ’

ಇದು ದೋಷವೇ ಅಲ್ಲ. 100 ಕೆವಿ ಟ್ಯೂಬಿನಿಂದ ಬರುವುದು 100 ಕೆಇವಿ ಕಿರಣವಲ್ಲ, 100ರವರೆಗಿನ ಎಲ್ಲ ಶಕ್ತಿಗಳ ಮಿಶ್ರಣ. ಸ್ಯಾಂಪಲ್‌ನ ಮೊದಲ ಪದರ ಮೆದು ಕಿರಣಗಳನ್ನು ಹೀರಿಬಿಡುತ್ತೆ, ಉಳಿದದ್ದು ಗಡುಸು. ಅಲ್ಯೂಮಿನಿಯಂ ಅಥವಾ ತಾಮ್ರದ ಫಿಲ್ಟರ್ ಹಾಕಿದರೆ ಬಾಗು ಕಡಿಮೆಯಾಗುತ್ತೆ, ಪೂರ್ತಿ ಹೋಗುವುದಿಲ್ಲ. ವರದಿಯಲ್ಲಿ ಟ್ಯೂಬಿನ ವೋಲ್ಟೇಜ್, ಫಿಲ್ಟರ್ ಎರಡನ್ನೂ ಬರೆಯಿರಿ. ಅದನ್ನು ಎಕ್ಸ್‌ಕಾಮ್‌ನ ಒಂದೇ ಶಕ್ತಿಯ ಬೆಲೆ ಜೊತೆ ಹೋಲಿಸಬೇಡಿ. ಟ್ಯೂಬಿನ ಬಾಗಿಲಿನ ಇಂಟರ್‌ಲಾಕನ್ನು ‘ಒಂದು ನಿಮಿಷ’ ಎಂದು ಬೈಪಾಸ್ ಮಾಡುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಇಲ್ಲಿ ಕೈಬಿಟ್ಟು ಕರೆ ಮಾಡಿ

ಸೋರ್ಸ್ ಡಿಸ್ಕ್ ಬಿರುಕು ಬಿಟ್ಟಿದ್ದರೆ, ಅಂಚು ಎದ್ದಿದ್ದರೆ, ಕೆಳಗೆ ಬಿದ್ದು ಜಜ್ಜಿದ್ದರೆ ಅಳತೆ ನಿಲ್ಲಿಸಿ. ಅಂಟಿಸಲು, ಒರೆಸಲು ಹೋಗಬೇಡಿ. ಸೋರ್ಸ್ ತೆಗೆದ ಮೇಲೂ ಮೇಜಿನ ಮೇಲೆ 662ರ ಪೀಕ್ ಉಳಿದಿದ್ದರೆ ಸೋರಿಕೆ ಆಗಿರಬಹುದು. ಆ ಜಾಗಕ್ಕೆ ಯಾರೂ ಹೋಗದ ಹಾಗೆ ನೋಡಿಕೊಳ್ಳಿ, ಕೈಗವಸು, ಕೋಟು ಅಲ್ಲೇ ಬಿಡಿ, ನಿಮ್ಮ ಸಂಸ್ಥೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ತಿಳಿಸಿ. ರಿಜಿಸ್ಟರಿನಲ್ಲಿರುವ ಸೋರ್ಸ್ ಡಬ್ಬಿಯಲ್ಲಿ ಇಲ್ಲದಿದ್ದರೆ ‘ನಾಳೆ ಹುಡುಕೋಣ’ ಅನ್ನಬೇಡಿ, ಅದೇ ಗಳಿಗೆಯಲ್ಲಿ ಹೇಳಿ.

ಹಳೆಯ ಸೋರ್ಸನ್ನು ಗುಜರಿಗೆ ಹಾಕುವಂತೆಯೂ ಇಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ, ಹರಾಜಿನಲ್ಲಿ ಹೋದ ಹಳೆಯ ಗಾಮಾ ಯಂತ್ರದೊಳಗಿನ ಕೋಬಾಲ್ಟ್-60 ಗುಜರಿ ಅಂಗಡಿ ಸೇರಿ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಲ್ಯಾಬಿನ ಸಣ್ಣ ಡಿಸ್ಕ್ ಅಷ್ಟು ಜೋರಿನದ್ದಲ್ಲ, ಆದರೆ ವಿಲೇವಾರಿಯ ದಾರಿ ಅದಕ್ಕೂ ಇದೇ: ಸುರಕ್ಷತಾ ಅಧಿಕಾರಿಯ ಮೂಲಕ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ, ಕಾಗದಪತ್ರದ ಸಮೇತ.